ಶನಿವಾರದ ಮೈಸಿನೀ–ನೆಮಿಯಾ ಪ್ರವಾಸ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಶನಿವಾರ ಬೆಳಿಗ್ಗೆ 7:30ಕ್ಕೆ ಬಸ್ಸು ಅಥೆನ್ಸಿನ ನಮ್ಮ ಹೋಟೆಲಿನಿಂದ ಹೊರಡಲಿದ್ದು, 1893ರಲ್ಲಿ ತೆರೆದ ಕೊರಿಂತ್ ಕಾಲುವೆಯ ಬಳಿ ಕಾಫಿಗಷ್ಟೇ ನಿಲ್ಲಲಿದೆ.

ಪ್ರಾಚೀನ ಗ್ರೀಸಿನ ಕೋಟೆನಗರವಾದ ಮೈಸಿನೀಯಲ್ಲಿ ಎರಡು ಗಂಟೆ ಇರುತ್ತೇವೆ. ಕ್ರಿ.ಪೂ. 13ನೆಯ ಶತಮಾನದ ಸಿಂಹದ್ವಾರದ ಮೇಲೆ, ಕಂಬವೊಂದರ ಇಕ್ಕೆಲಗಳಲ್ಲಿ ಮುಂಗಾಲೂರಿ ನಿಂತ ಎರಡು ಪ್ರಾಣಿಗಳಿಗೆ ಈಗ ತಲೆಗಳಿಲ್ಲ. ಆ ತಲೆಗಳನ್ನು ಪ್ರತ್ಯೇಕವಾಗಿ ಮಾಡಿ ಜೋಡಿಸಿದ್ದ ಗುರುತನ್ನು ಹತ್ತಿರದಿಂದ ಗಮನಿಸಿ. ‘ಅಟ್ರಿಯಸ್‌ನ ಖಜಾನೆ’ ಎಂಬ ಹೆಸರು ಕೇಳಿ ಮೋಸಹೋಗಬೇಡಿ, ಅದು ಜೇನುಗೂಡಿನಾಕಾರದ ಗೋರಿ. ಕಲ್ಲುಗಳು ಸವೆದು ನುಣುಪಾಗಿರುವುದರಿಂದ ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ.

ನೆಮಿಯಾದಲ್ಲಿ ಸಂತ ಜಾರ್ಜನ ಹೆಸರು ಹೊತ್ತ ಅಯೊರ್ಯಿತಿಕೊ ದ್ರಾಕ್ಷಿಯ ಕೆಂಪು ವೈನನ್ನು ಸವಿಯಲಿದ್ದೇವೆ. ಲೋಟವನ್ನು ಮೆಲ್ಲಗೆ ತಿರುಗಿಸಿ, ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳುವುದು ಅಲ್ಲಿ ಅಸಭ್ಯತೆಯಲ್ಲವಾದ್ದರಿಂದ ಯಾರೂ ಸಂಕೋಚಪಡಬೇಕಾಗಿಲ್ಲ. ಕುಡಿಯದವರನ್ನು ಆ ಹೊತ್ತಿಗೆ ಜೀಯಸ್ ದೇವಾಲಯದ ಕಂಬಗಳ ಬಳಿಗೆ ಕರೆದೊಯ್ಯಲಾಗುವುದು. ನನ್ನ ಮಟ್ಟಿಗೆ ಅದೇ ಹೆಚ್ಚಿನ ಲಾಭ.

ಊಟ ನಾಫ್ಲಿಯೊದಲ್ಲಿ, 2:30ಕ್ಕೆ. ಫೆಟಾ ಚೀಸ್ ಹೋಳಿಟ್ಟ ಸಲಾಡ್, ಟೊಮೆಟೊದಲ್ಲಿ ಬೇಯಿಸಿದ ದಪ್ಪ ಬೀನ್ಸ್, ಸುಟ್ಟ ಆಕ್ಟೋಪಸ್, ಮತ್ತು ನಮ್ಮ ಪತ್ರೊಡೆಯ ದೂರದ ನೆಂಟನಂತಿರುವ, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದೆಸ್ ಇರುತ್ತವೆ. ದೊಲ್ಮಾದೆಸ್‌ಗೆ ಕೆಲವೆಡೆ ಕೊಚ್ಚಿದ ಮಾಂಸವನ್ನೂ ಬೆರೆಸುವುದರಿಂದ, ಸಸ್ಯಾಹಾರಿಗಳು ಗುರುವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ.