ಎಚ್ಚೆನ್ ಮೇಷ್ಟ್ರಿಗೆ ಸಲ್ಲಬೇಕಾದ ವಂದನೆ

ಕಳೆದ ತಿಂಗಳ ಕೊನೆಯ ದಿನ ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಪ್ರಾಂಶುಪಾಲ ಹುದ್ದೆಯಿಂದ ವಯೋನಿವೃತ್ತಿ ಹೊಂದಿದೆ. ಬೀಳ್ಕೊಡುಗೆಗೆ ಬಂದು ಹರಸಿದ ಸಹೋದ್ಯೋಗಿಗಳು, ಬೋಧಕೇತರ ಸಿಬ್ಬಂದಿ ಮತ್ತು ಹಳೆಯ ವಿದ್ಯಾರ್ಥಿಗಳಿಗೆ ಮೊದಲು ನನ್ನ ನಮಸ್ಕಾರಗಳು. ಅಂದು ವೇದಿಕೆಯಲ್ಲಿ ನನ್ನನ್ನು ಕುರಿತು ಆಡಿದ ಒಳ್ಳೆಯ ಮಾತುಗಳಲ್ಲಿ ಅತಿಶಯೋಕ್ತಿಯನ್ನು ಕಳೆದು ಉಳಿಯುವಷ್ಟರಲ್ಲಿ ದೊಡ್ಡ ಪಾಲು, ಎಲ್ಲರೂ ಎಚ್ಚೆನ್ ಎಂದು ಕರೆಯುತ್ತಿದ್ದ ಶಿಕ್ಷಣ ತಜ್ಞ ಡಾ. ಎಚ್. ನರಸಿಂಹಯ್ಯನವರಿಗೆ ಸೇರಬೇಕು. ಹಾರ ತುರಾಯಿಗಳ ನಡುವೆ ಅದನ್ನು ವಿವರಿಸಲು ವ್ಯವಧಾನ ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಬಡ ಕುಟುಂಬವೊಂದರಲ್ಲಿ ಹುಟ್ಟಿದ ಈ ಹುಡುಗ ಹೈಸ್ಕೂಲು ಓದಲು ಊರಿನಿಂದ ಬೆಂಗಳೂರಿಗೆ ನಡೆದೇ ಬಂದದ್ದು, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿರುವಾಗ 1942ರ ಚಳವಳಿಗೆ ಧುಮುಕಿ ಸೆರೆಮನೆ ಸೇರಿದ್ದು, ಬಿಡುಗಡೆಯಾದ ಮೇಲೆ ಎಂ.ಎಸ್‌ಸಿ. ಮುಗಿಸಿ 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದದ್ದು ಅನೇಕರಿಗೆ ತಿಳಿದ ಸಂಗತಿಗಳು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು 1960ರ ಹೊತ್ತಿಗೆ ಮರಳಿದವರು ಅದೇ ಕಾಲೇಜಿಗೆ, ಅದೇ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿಗೆ ಹಿಂತಿರುಗಿದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಪದ್ಮಭೂಷಣ ಬಂದದ್ದು 1984ರಲ್ಲಿ.

ನಾನು ನ್ಯಾಷನಲ್ ಕಾಲೇಜು ಸೇರುವ ಹೊತ್ತಿಗೆ ಅವರು ಕುಲಪತಿ ಸ್ಥಾನದಿಂದ ಇಳಿದು ಕೆಲವು ವರ್ಷಗಳಾಗಿದ್ದವು. ಹಾಗಾಗಿ ಅವರ ತರಗತಿಯಲ್ಲಿ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದ ಭಾಗ್ಯ ನನ್ನದಲ್ಲ. ಆದರೆ ಮದುವೆಯಾಗದೆ ಉಳಿದ ಎಚ್ಚೆನ್, ಬದುಕಿನ ಐದು ದಶಕಗಳಿಗೂ ಹೆಚ್ಚು ಕಾಲ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲೇ ಕಳೆದವರು. ಕುಲಪತಿಗಳಾಗಿದ್ದಾಗಲೂ ಅವರ ವಾಸ ಅಲ್ಲೇ. ಹಳ್ಳಿಯಿಂದ ಬಂದು, ಇಂಗ್ಲಿಷ್ ಕಂಡರೆ ಬೆದರುತ್ತಿದ್ದ, ಮನೆಯಲ್ಲಿ ಮೊದಲ ತಲೆಮಾರಿನ ಪದವಿ ವಿದ್ಯಾರ್ಥಿಯಾಗಿದ್ದ ನನ್ನಂಥವನಿಗೆ, ಒಂದು ವಿಶ್ವವಿದ್ಯಾಲಯವನ್ನು ಆಳಿ ಬಂದ ವ್ಯಕ್ತಿ ನಮ್ಮ ಹಾಗೆಯೇ ಒಂದು ಕೋಣೆಯಲ್ಲಿ ಬದುಕುತ್ತಾರೆಂಬುದೇ ಪಠ್ಯದಲ್ಲಿಲ್ಲದ ಪಾಠವಾಗಿತ್ತು. ಅದನ್ನು ಸರಳತೆ ಎಂದು ಹೊಗಳಿ ಮುಗಿಸುವವರೇ ಹೆಚ್ಚು. ನನಗೆ ಅದು ಆಡಳಿತದ ಕ್ರಮವಾಗಿಯೇ ಕಂಡಿದೆ: ವಿದ್ಯಾರ್ಥಿಗಳ ನಡುವೆ ಇರುವ ಅಧಿಕಾರಿಗೆ ನೀರು ಬಾರದಿರುವುದೂ ಅನ್ನ ಬೇಯದಿರುವುದೂ ಅರ್ಜಿಯ ಮೂಲಕ ತಿಳಿಯಬೇಕಾಗಿಲ್ಲ.

1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳು ನನ್ನ ನಿಜವಾದ ಪದವಿ ಶಿಕ್ಷಣ ಎಂದರೆ ತಪ್ಪಾಗಲಾರದು. ದೊಡ್ಡ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ಬಂದು ಮಾತನಾಡುವರು. ಕೇಳಲು ಬಂದವರಲ್ಲಿ ನಿವೃತ್ತ ನೌಕರರೂ ಪಿಯುಸಿ ಹುಡುಗರೂ ಇರುವರು. ಪ್ರವೇಶಕ್ಕೆ ಯಾವ ಅರ್ಹತೆಯ ಹಂಗೂ ಇರಲಿಲ್ಲ. ಅರ್ಧಕ್ಕರ್ಧ ಅರ್ಥವಾಗದೆ ಹೊರಬಂದ ಸಂಜೆಗಳೂ ಉಂಟು. ಆದರೂ ಗೊತ್ತಿಲ್ಲದ್ದನ್ನು ಸಭೆಯ ನಡುವೆ ಎದ್ದು ನಿಂತು ಕೇಳುವುದು ಅವಮಾನವಲ್ಲ ಎಂಬುದು ನನಗೆ ಮನದಟ್ಟಾದದ್ದು ಅಲ್ಲಿ.

ಅವರ ಕುಲಪತಿತ್ವದ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳನ್ನು ಕೇಳುತ್ತೇನೆ. ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವನ್ನು ರೂಪಿಸಲು ಅವರು ಪಟ್ಟ ಶ್ರಮವನ್ನು ಎಲ್ಲರೂ ಒಪ್ಪುತ್ತಾರೆ. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಅವರು ರಚಿಸಿದ ಸಮಿತಿಯ ಮಾತು ಬಂದಾಗ ಮಾತ್ರ, ವಿಶ್ವವಿದ್ಯಾಲಯಕ್ಕೆ ಬಾಬಾಗಳ ಗೊಡವೆ ಏಕೆ ಬೇಕಿತ್ತು ಎಂದು ಕೆಲವರು ಮೂಗು ಮುರಿಯುತ್ತಾರೆ. ಪವಾಡವನ್ನು ಪರೀಕ್ಷೆಗೆ ಒಡ್ಡಬೇಕೆಂದು ಕೋರಿ ಅವರು ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ, ಸಮಿತಿಯೂ ಬಹುಕಾಲ ಬಾಳಲಿಲ್ಲ. ಆದರೆ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಗಳ ಮೂಲಭೂತ ಕರ್ತವ್ಯವೆಂದು 51ಎ ವಿಧಿ ಸಂವಿಧಾನಕ್ಕೆ ಸೇರಿದ್ದು ಅದೇ ವರ್ಷ ಅಂಗೀಕಾರವಾದ 42ನೆಯ ತಿದ್ದುಪಡಿಯಿಂದ ಎಂಬುದನ್ನು ನೆನೆದರೆ, ಆ ಕೆಲಸವನ್ನು ವಿಶ್ವವಿದ್ಯಾಲಯವಲ್ಲದೆ ಇನ್ಯಾರು ಮಾಡಬೇಕಿತ್ತು ಎಂದು ತಿರುಗಿ ಕೇಳಬೇಕೆನಿಸುತ್ತದೆ. ಅವರಲ್ಲಿ ನಾನು ಬಹುವಾಗಿ ಮೆಚ್ಚುವುದು ಇದನ್ನೇ. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ತರಗತಿಯಲ್ಲಿ ಹೇಳುವುದು ಕಷ್ಟವಲ್ಲ. ಕುಲಪತಿಯ ಕುರ್ಚಿಯ ಮೇಲೆ ಕುಳಿತು, ಮಂತ್ರಿಗಳೂ ನ್ಯಾಯಾಧೀಶರೂ ಬಾಬಾ ಭಕ್ತರಾಗಿದ್ದ ಕಾಲದಲ್ಲಿ, ಅದೇ ಮಾತನ್ನು ಸರ್ಕಾರಿ ಮೊಹರಿನ ಕಾಗದದಲ್ಲಿ ಬರೆಯುವುದಕ್ಕೆ ಬೇರೆ ಎದೆಗಾರಿಕೆ ಬೇಕು.

ನಾನು ಪ್ರಾಂಶುಪಾಲನಾದಾಗ ಕಂಡದ್ದು ಬೇರೆ ಲೋಕ. ಸುತ್ತೋಲೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ, ಅತಿಥಿ ಉಪನ್ಯಾಸಕರ ಗೌರವಧನದ ವಿಳಂಬ, ಹಾಜರಾತಿ ಕೊರತೆಯ ತಕರಾರು: ಇವುಗಳ ನಡುವೆ ಪಾಠ ಮಾಡುವುದನ್ನು ಬಿಟ್ಟುಬಿಡುವುದು ಬಹಳ ಸುಲಭ, ಯಾರೂ ಆಕ್ಷೇಪಿಸುವುದೂ ಇಲ್ಲ. ಎಚ್ಚೆನ್ ಅವರ ನೆನಪಿನಿಂದಲೇ ನಾನು ವಾರಕ್ಕೊಂದಾದರೂ ಪ್ರಥಮ ಬಿ.ಎಸ್‌ಸಿ. ತರಗತಿಯನ್ನು ಉಳಿಸಿಕೊಂಡೆ. ಆ ಗಂಟೆಯಲ್ಲಿ ಕಚೇರಿಯ ಕರೆಗಳನ್ನು ತಡೆದು ನಿಲ್ಲಿಸಿದ ನಮ್ಮ ಅಧೀಕ್ಷಕರಿಗೆ, ಮೇಲಿನವರ ಸಿಟ್ಟನ್ನು ನನಗಾಗಿ ಕೇಳಿಸಿಕೊಂಡದ್ದಕ್ಕೆ, ನಾನು ವಿಶೇಷವಾಗಿ ಋಣಿ.

2005ರ ಜನವರಿ 31ರಂದು ಅವರು ತೀರಿಕೊಂಡಾಗ ನಾನು ದೂರದ ಜಿಲ್ಲೆಯಲ್ಲಿದ್ದೆ. ಆಗ ಹೇಳಬೇಕಾದದ್ದನ್ನು ಇಷ್ಟು ತಡವಾಗಿ ಹೇಳುತ್ತಿದ್ದೇನೆ. ಅವರ ನಂತರವೂ ವಿಜ್ಞಾನ ವೇದಿಕೆಯನ್ನು ಮುನ್ನಡೆಸಿದವರಿಗೆ, ಬಾಗೇಪಲ್ಲಿ, ಗೌರಿಬಿದನೂರುಗಳಂಥ ಕಡೆ ಅವರ ಕಾಳಜಿಯಿಂದ ಬೆಳೆದ ಕಾಲೇಜುಗಳಲ್ಲಿ ಇಂದಿಗೂ ಪಾಠ ಮಾಡುತ್ತಿರುವ ಅಧ್ಯಾಪಕರಿಗೆ, ನನ್ನ ಕಾಲದ ವಿದ್ಯಾರ್ಥಿನಿಲಯದ ಅಡುಗೆಯವರಿಗೆ ಮತ್ತು ನನ್ನ ಶುಲ್ಕಕ್ಕಾಗಿ ಸಾಲ ಮಾಡಿದ ಅಣ್ಣನಿಗೆ ನನ್ನ ಕೃತಜ್ಞತೆಗಳು.

ಬೀಳ್ಕೊಡುಗೆಯಂದು ಹಳೆಯ ವಿದ್ಯಾರ್ಥಿಗಳು ಸೇರಿ ನೀಡಿದ ಹಣವನ್ನು ಅವರ ಒಪ್ಪಿಗೆ ಪಡೆದು ನಮ್ಮ ಕಾಲೇಜಿನ ಅಭಿವೃದ್ಧಿ ಸಮಿತಿಯ ವಶಕ್ಕೆ ಕೊಟ್ಟಿದ್ದೇನೆ. ಅದರ ಬಡ್ಡಿಯಿಂದ ಈ ಶೈಕ್ಷಣಿಕ ವರ್ಷದಿಂದಲೇ ತಿಂಗಳಿಗೊಂದು ವಿಜ್ಞಾನ ಉಪನ್ಯಾಸ, ಬುಧವಾರವೇ, ಕನ್ನಡದಲ್ಲಿ ನಡೆಯಲಿದೆ. ಅತಿಥಿಗಳ ಪ್ರಯಾಣವೆಚ್ಚಕ್ಕೆ ಅಷ್ಟು ಸಾಕು. ಮಾತನಾಡಲು ಬರಲೊಪ್ಪುವ ಅಧ್ಯಾಪಕ ಮಿತ್ರರು ದಯವಿಟ್ಟು ಭೌತಶಾಸ್ತ್ರ ವಿಭಾಗಕ್ಕೆ ತಿಳಿಸಿ; ಪ್ರಶ್ನೋತ್ತರಕ್ಕೆ ಅರ್ಧ ಗಂಟೆಯನ್ನು ಮೀಸಲಿಡುವುದು ನಮ್ಮ ಏಕೈಕ ಷರತ್ತು.