ಶಾನುಭೋಗನಿಗೊಂದು ಪತ್ರ

ಪ್ರಿಯ ಶಾನುಭೋಗ,

ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ಉತ್ತರ ಬರುವುದಿಲ್ಲ; ನಾಲ್ಕು ಜನರ ಮುಂದೆ ಕೇಳಿದರೆ ಮರ್ಯಾದೆಗೆ ಅಂಜಿಯಾದರೂ ಬರೆಯುತ್ತೀಯ. ಕೋಳಿಯ ಕಥೆ ಎತ್ತುವುದಿಲ್ಲ, ಹೆದರಬೇಡ.

ದೆಹಲಿಯ ಲಾಜಪತ್ ನಗರದ ಅಫ್ಘನ್ ಕುಟುಂಬದ ವಿಷಯ ಹೇಳಿದ್ದೆನಲ್ಲ, ಅವರ ಮಗಳನ್ನು ಶಾಲೆಗೆ ಸೇರಿಸಲು ಜೊತೆಗೆ ಹೋಗಿದ್ದೆ. 2021ರಲ್ಲಿ ಕಾಬೂಲ್ ತಾಲಿಬಾನ್ ಕೈಸೇರಿದಾಗ ಅವಳು ಆರನೆಯ ತರಗತಿ. ಅಲ್ಲಿ ಹುಡುಗಿಯರ ಓದು ಆರಕ್ಕೇ ನಿಂತಿತು. ಇಲ್ಲಿ ಆಧಾರ್ ಇಲ್ಲ, ಟಿ.ಸಿ. ಇಲ್ಲ ಎಂದು ಎರಡು ಶಾಲೆಗಳು ವಾಪಸ್ ಕಳಿಸಿದವು. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ವಿಶ್ವಸಂಸ್ಥೆಯವರು ಕೊಟ್ಟ ನಿರಾಶ್ರಿತರ ಕಾರ್ಡನ್ನು ಶಾಲೆಯವರು ಹಳೆಯ ಲಾಟರಿ ಟಿಕೆಟಿನಂತೆ ಹಿಂದೆ ಮುಂದೆ ತಿರುಗಿಸಿ ನೋಡಿ ಮರಳಿಸುತ್ತಾರೆ.

ಮೂರನೆಯ ಶಾಲೆಯ ಗುಮಾಸ್ತರು ಒಳ್ಳೆಯವರು. ಹುಡುಗಿಯ ಗುರುತಿನ ಪತ್ರ ತಜ್ಕಿರಾದ ಪ್ರಕಾರ ಅವಳು ಹುಟ್ಟಿದ್ದು 1389ರಲ್ಲಿ. "ಅಕ್ಬರನಿಗಿಂತ ಹಿರಿಯಳು" ಎಂದು ನಕ್ಕರು. ನನ್ನ ಜಾಣತನ ಸುಮ್ಮನಿರಬೇಕಲ್ಲ. ಅದು ಸೌರ ಹಿಜರಿ ಪಂಚಾಂಗದ ವರ್ಷ ಸ್ವಾಮಿ, 621 ಕೂಡಿಸಿ, 2010 ಬರುತ್ತದೆ ಎಂದೆ. ಅವರು ಬೆರಳೆಣಿಸಿದರು. ಹದಿನಾಲ್ಕು ದಾಟಿದೆ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹೊರಗಿಡಬೇಡಿ ಎನ್ನುವ ಆ ಕಾಯ್ದೆಯಿಂದ, ನನ್ನ ಲೆಕ್ಕವೇ ಅವಳನ್ನು ಹೊರಗೆ ಹಾಕಿತು.

ಇಷ್ಟನ್ನೇ ಹೇಳಿ ನಗಿಸೋಣ ಎಂದಿದ್ದೆ. ಆದರೆ ಗುಮಾಸ್ತರು ಆಮೇಲೂ, "ಹೆಡ್‌ಮಾಸ್ಟರನ್ನು ಕೇಳಿ ನೋಡುತ್ತೇನೆ, ಸ್ಥಳೀಯ ಪೋಷಕರೆಂದು ನೀವು ಸಹಿ ಮಾಡುತ್ತೀರಾ?" ಎಂದರು. ಪಕ್ಕದ ಬೆಂಚಿನಲ್ಲಿ ಹುಡುಗಿ ಅರ್ಜಿಯ 'ತರಗತಿ' ಎಂಬ ಕಡೆ 7 ಎಂದು ಬರೆದಿದ್ದಳು. ಪೆನ್ಸಿಲಿನಲ್ಲಿ, ಅಳಿಸಲು ಸುಲಭವಾಗಲೆಂದು. ನಾನು ಪೆನ್ನು ತೆಗೆದೆ. ನಾಳೆ ಪೊಲೀಸರು ಮನೆಗೆ ಬಂದರೆ, ಮನೆ ಮಾಲೀಕರು ಕೇಳಿದರೆ ಎಂದೆಲ್ಲ ಯೋಚಿಸಿ, ಕನ್ನಡಕ ಮರೆತು ಬಂದಿದ್ದೇನೆ ಎಂದುಬಿಟ್ಟೆ. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಅವಳ ಅಪ್ಪ ನೋಡಿದರು. ಏನೂ ಅನ್ನದೆ ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ನಿರಾಶ್ರಿತರ ಬಗ್ಗೆ ಭಾಷಣ ಮಾಡಿ ಶಾಲು ಹೊದೆಸಿಕೊಂಡವನು ನಾನು, ನಿನಗೆ ಗೊತ್ತಲ್ಲ. ಆ ಶಾಲು ಈಗಲೂ ಬೀರುವಿನಲ್ಲಿದೆ.

ಹಾಸ್ಟೆಲಿಗೆ ಸೇರುವಾಗ ನನ್ನ ಅಪ್ಪನ ಸಹಿಯನ್ನು ನೀನು ಅರ್ಧ ನಿಮಿಷದಲ್ಲಿ ಗೀಚಿದ್ದೆ. ಅದು ಧೈರ್ಯವೋ ಕೊಬ್ಬೋ ಎಂದು ಕೇಳಲು ಮರೆತೇ ಹೋಗಿತ್ತು. ಸೋಮವಾರ ಮತ್ತೆ ಶಾಲೆಗೆ ಹೋಗೋಣ ಎಂದು ಅವರಿಗೆ ಹೇಳಿದ್ದೇನೆ. ಅಷ್ಟರೊಳಗೆ ನನ್ನ ಸಹಿಯನ್ನೂ ಒಂದಿಷ್ಟು ಅಭ್ಯಾಸ ಮಾಡಿ ಇಟ್ಟುಕೋ, ಬೇಕಾದರೆ ರೈಲಿನ ಖರ್ಚು ನನ್ನದು.

ಇಂತಿ ನಿನ್ನ,
ದೂರದೃಷ್ಟಿಯ ಗೆಳೆಯ