ಪಿಯು ಪರೀಕ್ಷೆಗೆ ಕ್ಯಾಲ್ಕುಲೇಟರ್ ತರಲು ಬಿಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಕೇಳಬೇಕಾದ್ದು ಇಷ್ಟೇ: ದ್ವಿತೀಯ ಪಿಯು ಭೌತಶಾಸ್ತ್ರ, ರಸಾಯನಶಾಸ್ತ್ರ ಪರೀಕ್ಷೆಗೆ ಸಾದಾ ಸೈಂಟಿಫಿಕ್ ಕ್ಯಾಲ್ಕುಲೇಟರ್ ತರಲು ಬಿಡಿ.

ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿದ ಹುಡುಗಿ ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷೆ ಬರೆಯುತ್ತಾಳೆ. ಪಿಯು ಸೇರಿದ ಅವಳ ಗೆಳತಿ ಲಾಗ್ ಟೇಬಲ್ (ಲೆಕ್ಕಕ್ಕೆ ಬೇಕಾದ ಲಾಗರಿದಮ್ ಅಂಕಿಗಳ ಪಟ್ಟಿ) ತಿರುವುತ್ತಾಳೆ. ಮೂರು ವರ್ಷದ ಮೇಲೆ ಇಬ್ಬರೂ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲಿ ಅಕ್ಕಪಕ್ಕ ಕೂರುತ್ತಾರೆ. ಈ ಭೇದ ಯಾಕೆ?

ನಮ್ಮ ಪಾಠದ ಸೂತ್ರಗಳನ್ನೇ ನೋಡಿ. ಮೊದಲ ದರ್ಜೆಯ ಕ್ರಿಯೆಯ (ವೇಗವು ಒಂದು ವಸ್ತುವಿನ ಪ್ರಮಾಣಕ್ಕೆ ತಕ್ಕಂತೆ ಇರುವ ಕ್ರಿಯೆ) ಸೂತ್ರದಲ್ಲಿ 2.303 ಅಂತ ಒಂದು ಸಂಖ್ಯೆ ಇದೆ. ಮಕ್ಕಳು ಅದನ್ನು ಪ್ರಕೃತಿಯ ನಿಯಮ ಅಂದುಕೊಂಡು ಬಾಯಿಪಾಠ ಮಾಡುತ್ತಾರೆ. ನಿಜಕ್ಕೂ ಅಲ್ಲಿ ಬೇಕಿರುವುದು ನ್ಯಾಚುರಲ್ ಲಾಗ್, ಅಂದರೆ e (ಸುಮಾರು 2.718) ಆಧಾರದ ಲಾಗ್. ಟೇಬಲ್ಲಿನಲ್ಲಿರುವುದು 10 ಆಧಾರದ ಲಾಗ್. ಒಂದರಿಂದ ಇನ್ನೊಂದಕ್ಕೆ ಹೋಗಲು ಈ 2.303. ಕ್ಯಾಲ್ಕುಲೇಟರಿನಲ್ಲಿ ನ್ಯಾಚುರಲ್ ಲಾಗ್‌ಗೆ ಬೇರೆಯೇ ಗುಂಡಿ ಇದೆ. ಇನ್ನು ಪ್ರಶ್ನೆಪತ್ರಿಕೆ ತೆಗೆಯುವವರು ಲೆಕ್ಕ ಸಲೀಸಾಗಲಿ ಅಂತ 2, 4, 10 ಬರುವ ಹಾಗೆ ಅಂಕಿ ಜೋಡಿಸಿ, ಪಕ್ಕದಲ್ಲೇ ಲಾಗ್ 2 = 0.3010 ಅಂತ ಬರೆದುಕೊಡುವುದುಂಟು. ಲ್ಯಾಬಿನಲ್ಲಿ ಅಳೆದಾಗ ಅಂಥ ಅಂಕಿ ಎಲ್ಲಿ ಸಿಗುತ್ತದೆ?

ಟೇಬಲ್ ನೋಡಿದರೆ ತಲೆ ಚುರುಕಾಗುತ್ತದೆ ಅನ್ನುವ ಹಿರಿಯರಿದ್ದಾರೆ. ನನಗೇನೋ ಹಾಗೆ ಅನ್ನಿಸುವುದಿಲ್ಲ. ಸಾಲು ಹುಡುಕಿ, ಸರಾಸರಿ ವ್ಯತ್ಯಾಸ ಕೂಡಿಸಿ, 'ಬಾರ್ 3' (ಅಂದರೆ ಮೈನಸ್ 3) ಅಂತ ಬರೆದು ಕೊನೆಗೆ ಚಿಹ್ನೆ ತಪ್ಪುವುದರಲ್ಲಿ ಯಾವ ರಸಾಯನಶಾಸ್ತ್ರವಿದೆ? ಬಾಯಿಲೆಕ್ಕ ಖಂಡಿತ ಬೇಕು. ಉತ್ತರ ಎಷ್ಟರ ಆಸುಪಾಸು ಬರಬೇಕು ಅಂತ ಮೊದಲೇ ಬರೆಸಿ, ಅದಕ್ಕೂ ಒಂದು ಅಂಕ ಕೊಡಿ.

ಕ್ಯಾಲ್ಕುಲೇಟರ್ ಬಳಸುವುದೂ ಕಲಿಯಬೇಕಾದ್ದೇ, ಅಲ್ವಾ? ಯಂತ್ರ ಡಿಗ್ರಿ ಬದಲು ರೇಡಿಯನ್‌ನಲ್ಲಿದ್ದರೆ (ಕೋನ ಅಳೆಯುವ ಇನ್ನೊಂದು ಮಾನ) ಸೈನ್ 30 ಒತ್ತಿದಾಗ 0.5 ಬರುವುದಿಲ್ಲ, ಮೈನಸ್ 0.988 ಬರುತ್ತದೆ. ಇದು ಎಡವಟ್ಟು ಅಂತ ಗೊತ್ತಾಗಬೇಕಾದರೆ ಹದಿನಾರರಲ್ಲೇ ಕೈಗೆ ಸಿಗಬೇಕು.

ನಕಲಿನ ಭಯಕ್ಕೆ ದಾರಿ ಇದೆ. ಪ್ರೋಗ್ರಾಂ ಹಾಕಲಾಗದ ಒಂದೇ ಮಾಡೆಲ್ ಗೊತ್ತು ಮಾಡಿ. ಐಎಸ್‌ಸಿ (ಸಿಐಎಸ್‌ಸಿಇ ಮಂಡಳಿಯ 12ನೇ ತರಗತಿ) ಪರೀಕ್ಷೆಯಲ್ಲಿ ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್ ನಡೆಯುತ್ತದೆ. ಇಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಪರದೆಯ ಮೇಲೇ ಕ್ಯಾಲ್ಕುಲೇಟರ್ ಕೊಡುತ್ತಾರೆ. ಸಿಇಟಿಯನ್ನು ಮುಟ್ಟಬೇಡಿ. ಅಲ್ಲಿ ಒಂದು ವಿಷಯದ 60 ಪ್ರಶ್ನೆಗೆ 80 ನಿಮಿಷ, ಅದರ ಆಟವೇ ಬೇರೆ.

ದುಡ್ಡಿನ ಮಾತು ಮಾತ್ರ ಹಗುರ ಅಲ್ಲ. ಕೆಲವು ನೂರು ರೂಪಾಯಿಯೂ ಕೂಲಿ ಮನೆಯ ಮಗುವಿಗೆ ಜಾಸ್ತಿಯೇ. ಸರ್ಕಾರಿ ಕಾಲೇಜುಗಳಿಗೆ ಲ್ಯಾಬ್ ಸಾಮಾನಿನ ಜತೆ ಇದನ್ನೂ ಕೊಡಿ. ಮಕ್ಕಳು ಬಳಸಿ, ಪರೀಕ್ಷೆ ಮುಗಿದ ಮೇಲೆ ವಾಪಸ್ ಕೊಟ್ಟು ಹೋಗಲಿ.

ಒಪ್ಪುವುದಾದರೆ ಸುತ್ತೋಲೆ ತರಗತಿ ಶುರುವಾಗುವ ಮೊದಲೇ ಬರಲಿ. ಜನವರಿಯಲ್ಲಿ ಬಂದರೆ ಅಂಗಡಿಯವರಿಗೆ ಮಾತ್ರ ಲಾಭ.

ಇಂತಿ,
ಒಬ್ಬ ಪಿಯು ಉಪನ್ಯಾಸಕ